ಹೊಳೆಗೆ ಎಳೆದ ಗೆರೆ

ಹಾಲೇಶ ಆಶ್ರಮಕ್ಕೆ ಬಂದದ್ದು ಶನಿವಾರ ಮಧ್ಯಾಹ್ನ, ಊಟದ ಹೊತ್ತಿಗೆ ಸರಿಯಾಗಿ. ಪ್ರಶ್ನೆ ಹೊತ್ತು ಬರುವವರು ಯಾಕೋ ಊಟದ ಹೊತ್ತಿಗೇ ಬರುತ್ತಾರೆ.

ಆಶ್ರಮವೆಂದರೆ ದೊಡ್ಡದೇನಲ್ಲ. ತುಂಗಭದ್ರೆಯ ದಂಡೆಯ ಮೇಲೆ ನಾಲ್ಕು ಕೋಣೆ, ಒಂದು ಬೇವಿನ ಕಟ್ಟೆ, ಕಟ್ಟೆಯಿಂದ ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರಿಗೆ ಬೇರೆ ಹೆಸರು ಇತ್ತೋ ಏನೋ, ಕೇಳಿದವರಿಲ್ಲ.

ಹಾಲೇಶ ದಾವಣಗೆರೆಯಲ್ಲಿ ಮನೆಗಳ ನಕ್ಷೆ ಬರೆಯುವವನು. ಸ್ಕೇಲು ಇಲ್ಲದೆ ನೆಟ್ಟಗೆ ಗೆರೆ ಎಳೆಯುವ ಕೈ ಅವನದು. ಚಿಕ್ಕಂದಿನಿಂದ ಅಜ್ಜಾರ ಶಿಷ್ಯ. ಆದರೆ ಷೇರಿನ ಹುಚ್ಚು ಹತ್ತಿದ ಮೇಲೆ ಇತ್ತ ತಲೆ ಹಾಕಿರಲಿಲ್ಲ.

"ಅಜ್ಜಾರೇ, ಒಂದು ಮಾತು ಕೇಳೋಣ ಅಂತ ಬಂದೆ."

"ಊಟ ಮಾಡಿ ಕೇಳು. ಹಸಿದವನ ಪ್ರಶ್ನೆ ಉದ್ದ ಇರ್ತತೆ."

ಹಾಲೇಶ ಊಟ ಮಾಡಿದ. ಪ್ರಶ್ನೆ ಆಮೇಲೂ ಉದ್ದವೇ ಇತ್ತು.

ಅವನ ಹೆಂಡತಿ ವಿಶಾಲಿಗೆ ರೊಟ್ಟಿ ಅಂಗಡಿ ಇಡಬೇಕೆಂಬ ಆಸೆ. ಅದಕ್ಕಾಗಿ ಗಂಡ ಹೆಂಡತಿ ಇಬ್ಬರೂ ಸೇರಿ ದುಡ್ಡು ಕೂಡಿಸಿದ್ದರು. ಅದರಲ್ಲಿ ಅರ್ಧವನ್ನು ಹಾಲೇಶ ಒಂದು ಸಿಮೆಂಟ್ ಕಂಪನಿಯ ಷೇರಿಗೆ ಹಾಕಿದ. ಷೇರು ಇಳಿಯಿತು. ಈಗ ಉಳಿದರ್ಧವನ್ನೂ ಅದಕ್ಕೇ ಹಾಕಿಬಿಟ್ಟರೆ, ಬೆಲೆ ತುಸು ಏರಿದರೂ ಸಾಕು, ಎಲ್ಲ ಸರಿಹೋಗುತ್ತದೆ ಎನ್ನುವುದು ಅವನ ಲೆಕ್ಕ.

ವಿಶಾಲಿ ಜಗಳವಾಡಲಿಲ್ಲ. "ಸೋಮವಾರ ರೊಟ್ಟಿ ಮಿಷನ್ನಿನವನು ಮುಂಗಡಕ್ಕೆ ಬರ್ತಾನೆ. ಅಷ್ಟರೊಳಗೆ ಅಜ್ಜಾರನ್ನ ಕೇಳ್ಕೊಂಡು ಬರ್ರಿ. ಅವರು ಹೂಂ ಅಂದ್ರೆ ನಾನು ತುಟಿ ಬಿಚ್ಚಲ್ಲ," ಎಂದಿದ್ದಳು. ಜಗಳವಾಡಿದ್ದರೇ ವಾಸಿಯಿತ್ತು ಎಂದು ಹಾಲೇಶನಿಗೆ ದಾರಿಯುದ್ದಕ್ಕೂ ಅನ್ನಿಸಿತ್ತು.

ಅಜ್ಜಾರು ಎಲ್ಲವನ್ನೂ ಕೇಳಿ ಕನ್ನಡಕ ಏರಿಸಿದರು. "ಎಲ್ಲಿ, ತೋರ್ಸು ನಿನ್ನ ಷೇರನ್ನ."

ಹಾಲೇಶ ಮೊಬೈಲಿನಲ್ಲಿ ಚಾರ್ಟು ತೆರೆದು ಅವರ ಮುಂದೆ ಹಿಡಿದ. ಏರುವ ಇಳಿಯುವ ಹಸಿರು ಕೆಂಪು ಕಡ್ಡಿಗಳ ಸಾಲು.

"ಇದೇನಪ್ಪ, ಕುಂತ ಎಮ್ಮೆ ಇದ್ದಂಗೈತೆ?"

"ಎಮ್ಮೆ ಅಲ್ರಿ. ಇದು ಚಾ ಕಪ್ಪು. ಬೆಲೆ ಹಿಂಗೆ ಇಳಿದು, ದುಂಡಗೆ ತಿರುಗಿ, ಮೇಲಕ್ಕೆ ಬಂತು ನೋಡ್ರಿ. ಆಮೇಲೆ ಇಲ್ಲಿ ಸ್ವಲ್ಪ ಇಳೀತಲ್ಲ, ಅದು ಕಪ್ಪಿನ ಹಿಡಿಕೆ. ಹಿಡಿಕೆ ಮುಗಿದ ಮೇಲೆ ಬೆಲೆ ಏರ್ತತೆ."

"ಏರಿತಾ?"

"ಇಲ್ರಿ. ಹಿಡಿಕೆ ಉದ್ದ ಆತು."

ಅಜ್ಜಾರು ತಾವೇ ಬೆರಳಿನಿಂದ ಪರದೆ ಸರಿಸಿದರು. ಹಿಡಿಕೆ ಇಳಿದು ಇಳಿದು ಕಪ್ಪಿನ ತಳವನ್ನೂ ದಾಟಿ ಹೋಗಿತ್ತು.

"ಇದು ಈಗ ಕಪ್ಪಲ್ಲಪ್ಪ, ಸೌಟು," ಎಂದರು.

ಅಡುಗೆಯ ತಿಪ್ಪಣ್ಣ ಅಲ್ಲೇ ಎಲೆ ಎತ್ತುತ್ತಿದ್ದವನು ಬಗ್ಗಿ ನೋಡಿ, ಹೌದು, ಸಾರಿನ ಸೌಟೇ ಎಂದು ಖಾತ್ರಿ ಮಾಡಿದ. ಹಾಲೇಶನಿಗೆ ನಗು ಬಂತು. ಈ ಷೇರಿನ ವಿಷಯದಲ್ಲಿ ಅವನು ನಕ್ಕು ಬಹಳ ದಿನವಾಗಿತ್ತು.

"ಈ ಅಡ್ಡ ಗೆರೆ ಏನು?"

"ಸ್ಟಾಪ್ ಲಾಸ್ ಅಂತಾರ್ರಿ. ಬೆಲೆ ಇಲ್ಲಿಗೆ ಬಂದ್ರೆ ನನ್ನ ಲೆಕ್ಕ ತಪ್ಪು ಅಂತ ಅರ್ಥ. ಬಂದಷ್ಟಕ್ಕೆ ಮಾರಿ ಎದ್ದು ಬರಬೇಕು."

"ಬೆಲೆ ಅಲ್ಲಿಗೆ ಬರಲೇ ಇಲ್ಲೇನು?"

"ಬಂತ್ರಿ." ಹಾಲೇಶ ತಲೆ ಕೆರೆದುಕೊಂಡ. "ಆದ್ರೆ ಅವತ್ತು ಮಾರ್ಕೆಟ್ಟೇ ಸರಿ ಇರ್ಲಿಲ್ಲ. ಅದಕ್ಕೆ ಗೆರೆ ಒಂಚೂರು ಕೆಳಗೆ ಇಳಿಸ್ದೆ."

"ಆಮೇಲೆ?"

"ಆಮೇಲೂ ಒಂಚೂರು."

ಅಜ್ಜಾರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಉತ್ತರ ಸೋಮವಾರ ಬೆಳಿಗ್ಗೆ. ಅಲ್ಲೀತನಕ ಒಂದು ಕೆಲಸ ಮಾಡು."

ಆಶ್ರಮದ ಉಗ್ರಾಣದ ಹೆಂಚು ಸೋರುತ್ತಿತ್ತು. ಹಾಗಾಗಿ ಸೋಮವಾರದ ದಾಸೋಹದ ಅಕ್ಕಿ, ಬೆಲ್ಲದ ಮೂಟೆಗಳನ್ನು ಮೆಟ್ಟಿಲುಗಳ ನಡುವಿನ ಕಲ್ಲುಮಂಟಪದಲ್ಲಿ ಇಟ್ಟಿದ್ದರು. ಇಲ್ಲಿ ಬಿಸಿಲು ಚೆನ್ನಾಗಿಯೇ ಇತ್ತು. ಆದರೆ ಮೇಲೆ ಎಲ್ಲೋ ಮಳೆ ಸುರಿದು, ಅಣೆಕಟ್ಟಿನ ಬಾಗಿಲು ತೆರೆದು, ಹೊಳೆ ಕೆಂಪಗಾಗಿ ಏರತೊಡಗಿತ್ತು.

ಪ್ರತಿ ವರ್ಷ ಹೊಳೆ ಏರಿದಾಗ ಆಶ್ರಮದಲ್ಲಿ ಒಬ್ಬರನ್ನು ಕಾವಲಿಗೆ ಕೂರಿಸುವುದು ರೂಢಿ. ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಕಾವಲಿಗೆ ಕೂತವರೇ ಒಂದು ಗೆರೆ ಎಳೆಯಬೇಕು. ನೀರು ಗೆರೆ ಮುಟ್ಟಿದರೆ ಗಂಟೆ ಹೊಡೆಯಬೇಕು. ಗಂಟೆ ಕೇಳಿದ ಕೂಡಲೇ ಇದ್ದವರೆಲ್ಲ ಬಂದು ಮೂಟೆ ಹೊತ್ತು ಮೇಲೆ ಸಾಗಿಸುತ್ತಾರೆ.

"ಗೆರೆ ಎಲ್ಲಿ ಎಳೀಲ್ರಿ?"

"ನಕ್ಷೆ ಬರೆಯೋನು ನೀನು. ನನ್ನ ಕೇಳಿದ್ರೆ?"

ಅಜ್ಜಾರು ಅವನ ಕೈಗೆ ಒಂದು ಸೀಮೆಸುಣ್ಣ ಕೊಟ್ಟರು. ಜೊತೆಗೆ ಒಂದು ಒದ್ದೆ ಬಟ್ಟೆಯನ್ನೂ ಕೊಟ್ಟರು. "ಸೊಟ್ಟ ಆದ್ರೆ ಒರೆಸ್ಕೋ," ಎಂದರು.

ಭಾನುವಾರ ಬೆಳಗ್ಗೆ ಹಾಲೇಶ ಮೆಟ್ಟಿಲು ಇಳಿದ. ಗೋಡೆಯ ಮೇಲಿನ ಹಳೆಯ ಪಾಚಿ ನೋಡಿದ. ಮಂಟಪದ ನೆಲ ಎಷ್ಟು ಎತ್ತರದಲ್ಲಿದೆ ನೋಡಿದ. ಒಂದು ಮೂಟೆ ಮೇಲೆ ಹೋಗಲು ಎಷ್ಟು ಹೊತ್ತು ಬೇಕೆಂದು ತಿಪ್ಪಣ್ಣನನ್ನು ಕೇಳಿದ. ಎಲ್ಲ ಅಳೆದು ಸುರಿದು, ಮಂಟಪಕ್ಕಿಂತ ಸಾಕಷ್ಟು ಕೆಳಗೆ ಒಂದು ಗೆರೆ ಎಳೆದ. ಗೆರೆಯೆಂದರೆ ಗೆರೆ, ಒಂದು ಕೂದಲೆಳೆ ಸೊಟ್ಟವಿಲ್ಲ.

"ಇಲ್ಲಿಗೆ ಬಂದ್ರೆ ಹೊಡೆದುಬಿಡ್ತೀನ್ರಿ ಗಂಟೆ," ಎಂದ ಮೇಲಕ್ಕೆ ಕೂಗಿ.

"ಹೊಡಿ," ಎಂದರು ಅಜ್ಜಾರು, ಬೇವಿನ ಕಟ್ಟೆಯ ಮೇಲಿಂದ.

ಅಡುಗೆಮನೆಯಲ್ಲಿ ಅಂದು ಹೋಳಿಗೆ. ಹೂರಣದ ವಾಸನೆ ಮೆಟ್ಟಿಲವರೆಗೂ ಬರುತ್ತಿತ್ತು. ಪಂಕ್ತಿ ಕೂರುವ ಹೊತ್ತಿಗೆ ನೀರು ಗೆರೆ ಮುಟ್ಟಿತು.

ಹಾಲೇಶ ಎದ್ದ. ಗಂಟೆಯ ಹಗ್ಗಕ್ಕೆ ಕೈ ಹಾಕಿದ. ಹಾಕಿದವನು ನಿಂತ.

ಈಗ ಹೊಡೆದರೆ ಎಲ್ಲರೂ ಎಲೆ ಬಿಟ್ಟು ಏಳಬೇಕು. ಹೋದ ವರ್ಷದ ಕಾವಲಿನವನ ಕಥೆಯನ್ನು ತಿಪ್ಪಣ್ಣ ಆಗಲೇ ಹೇಳಿದ್ದ. ಅವನು ಗಂಟೆ ಹೊಡೆದ, ಎಲ್ಲರೂ ಮೂಟೆ ಹೊತ್ತರು, ನೀರು ಗೆರೆ ಮುಟ್ಟಿ ವಾಪಸು ಹೋಯಿತು. ಎಲ್ಲರ ಬೆನ್ನಿಗೂ ಎಣ್ಣೆ ಹಚ್ಚಿದ್ದು ತಿಪ್ಪಣ್ಣನೇ. ಅಂಥ ಹೆಸರು ತನಗೆ ಬರುವುದು ಹಾಲೇಶನಿಗೆ ಬೇಡವಾಗಿತ್ತು.

ಅವನು ಹೊಳೆಯನ್ನೇ ದಿಟ್ಟಿಸಿದ. ಬೆಳಗ್ಗೆ ಏರಿದ ಹಾಗೆ ಈಗ ಏರುತ್ತಿಲ್ಲ. ವೇಗ ಕುಗ್ಗಿದೆ. ಇದು ತಿರುಗುವ ಲಕ್ಷಣ. ಚಾರ್ಟಿನಲ್ಲಿ ಇಂಥದ್ದನ್ನು ಅವನು ಬೇಕಾದಷ್ಟು ನೋಡಿದ್ದ.

ಒದ್ದೆ ಬಟ್ಟೆ ತೆಗೆದುಕೊಂಡು ಗೆರೆ ಒರೆಸಿದ. ಒಂದು ಮೆಟ್ಟಿಲು ಮೇಲೆ ಹೊಸ ಗೆರೆ ಎಳೆದ. ಇದೂ ನೆಟ್ಟಗೇ ಬಂತು.

ಊಟಕ್ಕೆ ಹೋಗಲಿಲ್ಲ. ನೀರಿನ ಮೇಲೆ ಕಣ್ಣಿಟ್ಟು, ಮಂಟಪಕ್ಕೆ ಬೆನ್ನು ಮಾಡಿ ಕೂತ. ಹೊಳೆ ಭೋರಿಡುತ್ತಿತ್ತು, ಬೇರೆ ಸದ್ದು ಕಿವಿಗೆ ಬೀಳುತ್ತಿರಲಿಲ್ಲ. ಎರಡನೆಯ ಗೆರೆಯನ್ನೂ ನೀರು ಮುಟ್ಟಿತು.

"ಇಷ್ಟು ಏರಿದ್ದು ಇನ್ನು ಏರಲಿಕ್ಕಿಲ್ಲ," ಎಂದುಕೊಂಡ. ಮತ್ತೆ ಬಟ್ಟೆ, ಮತ್ತೆ ಸುಣ್ಣ.

ಆಮೇಲೆ ಗೆರೆ ಎಳೆಯಲು ಗೋಡೆಯೇ ಉಳಿಯಲಿಲ್ಲ.

ಕಾಲಿಗೆ ತಣ್ಣಗೆ ತಾಗಿದಾಗ ಹಾಲೇಶ ನೋಡಿದ. ನೀರು ಮಂಟಪದ ಹೊಸ್ತಿಲು ದಾಟಿ ಒಳಗೆ ನುಗ್ಗುತ್ತಿತ್ತು. ಸೋಮವಾರ ಊರೂರಿಂದ ಜನ ಉಣ್ಣಲು ಬರುತ್ತಾರೆ. ಅವರ ಬೆಲ್ಲವನ್ನೆಲ್ಲ ತಾನು ಹೊಳೆಗೆ ಪಾನಕ ಮಾಡಿ ಕುಡಿಸಿಬಿಟ್ಟಿದ್ದ.

ಹಗ್ಗ ಹಿಡಿದು ಜಗ್ಗಿದ. ಗಂಟೆ ಊರಿಗೆಲ್ಲ ಕೇಳುವ ಹಾಗೆ ಬಡಿದುಕೊಂಡಿತು. ಯಾರೂ ಬರಲಿಲ್ಲ. ಕಟ್ಟೆಯ ಮೇಲೆ ತಿಪ್ಪಣ್ಣ ಕಂಡ. ಅವನು ಕೈ ಬೀಸಿ ತನ್ನ ಪಾಡಿಗೆ ಎಲೆಯಡಿಕೆ ಹಾಕಿಕೊಂಡ.

ಹಾಲೇಶ ಪ್ಯಾಂಟು ಮಡಚದೆ ನೀರಿಗಿಳಿದು ಮಂಟಪದೊಳಗೆ ನುಗ್ಗಿದ.

ಮಂಟಪ ಖಾಲಿ. ಒಂದು ಮೂಟೆಯೂ ಇಲ್ಲ. ಕಲ್ಲಿನ ಜಗಲಿಯ ಮೇಲೆ ಅಜ್ಜಾರು ಒಬ್ಬರೇ ಕೂತು, ಪಾದ ನೀರಿಗೆ ಬಿಟ್ಟುಕೊಂಡು, ಒಂದು ಚೂರು ಬೆಲ್ಲ ಬಾಯಾಡಿಸುತ್ತಿದ್ದರು.

"ಬಂದ್ಯಾ? ಗಂಟೆ ಜೋರಾಗಿ ಹೊಡೆದೆ. ತಗೋ, ಬೆಲ್ಲ ತಿನ್ನು."

ಹಾಲೇಶ ಬೆಲ್ಲ ಕೈಯಲ್ಲಿ ಹಿಡಿದು ನಿಂತ. ಅಳು ಬಂತು, ಅದರ ಹಿಂದೆಯೇ ನಗುವೂ ಬಂತು.

"ಮೂಟೆ ಎಲ್ಲಿ ಅಜ್ಜಾರೇ?"

"ನನ್ನ ಕೋಣೇಲಿ ಅದಾವೆ. ಇವತ್ತು ನಾನು ಇರುವೆಗಳ ಜೊತೆ ಮಲಗಬೇಕು."

"ಯಾವಾಗ ಹೊತ್ರಿ?"

"ನೀರು ನಿನ್ನ ಮೊದಲನೇ ಗೆರೆ ಮುಟ್ಟಿತಲ್ಲ, ಆಗ. ಕಟ್ಟೆ ಮೇಲಿಂದ ಚೆಂದ ಕಾಣ್ತಿತ್ತು. ಎಲ್ಲರೂ ಕೈ ತೊಳ್ಕೊಂಡು ಬಂದು, ಮಂಟಪದ ಹಿಂದಿನ ಬಾಗಿಲಿಂದ ಹೊತ್ತು ಹಾಕಿದ್ವಿ. ಸಮಯ ಸರಿಯಾಗಿ ಸಾಲ್ತು. ಲೆಕ್ಕ ಬಾಳ ಚೆನ್ನಾಗಿ ಹಾಕಿದ್ದೆ."

"ಆಗ ನಾನು ಗಂಟೆ ಹೊಡೀಲಿಲ್ಲ ಅಲ್ಲೇನ್ರಿ."

"ಗಂಟೆ ಹೊಡೆಯೋನನ್ನ ನಾವು ನಂಬಲಿಲ್ಲ. ಗೆರೆ ಎಳೆದೋನನ್ನ ನಂಬಿದ್ವಿ."

"ಇಬ್ರೂ ನಾನೇ ಅಲ್ಲೇನ್ರಿ?"

"ಹೌದಾ?" ಅಜ್ಜಾರು ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಮೇಲಿಂದ ನೋಡಿದ್ರೆ ಹಂಗೆ ಕಾಣ್ಲಿಲ್ಲ."

ತಿಪ್ಪಣ್ಣ ಅವನ ಪಾಲಿನ ಹೋಳಿಗೆ ತೆಗೆದಿಟ್ಟಿದ್ದ. ಆರಿಹೋಗಿತ್ತು. ಹಾಲೇಶ ಅದನ್ನೇ ತುಪ್ಪದಲ್ಲಿ ಅದ್ದಿ ತಿಂದ. ತಿನ್ನುತ್ತ ಗೋಡೆಯ ಕಡೆ ನೋಡಿದ. ಮೂರು ಗೆರೆಯ ಜಾಗವೂ ನೀರಿನಡಿ ಹೋಗಿ, ಯಾವುದು ಎಲ್ಲಿತ್ತು ಎಂದು ಹೇಳುವ ಹಾಗೆಯೇ ಇರಲಿಲ್ಲ.

ಸೋಮವಾರ ಬೆಳಗ್ಗೆ ಹೊಳೆ ಇಳಿದಿತ್ತು. ದಾಸೋಹದ ಜನ ಬರತೊಡಗಿದ್ದರು. ಹಾಲೇಶ ಸ್ನಾನ ಮಾಡಿ, ಅಜ್ಜಾರ ಕಾಲಿಗೆ ಬಿದ್ದು, ಕಟ್ಟೆಯ ಮೇಲೆ ಕೂತ.

"ಕೇಳು ನಿನ್ನ ಪ್ರಶ್ನೆ," ಎಂದರು ಅಜ್ಜಾರು. "ಉಳಿದ ಅರ್ಧನೂ ಹಾಕಬೇಕೋ ಬೇಡವೋ, ಅದೇ ಅಲ್ಲ?"

"ಆ ಪ್ರಶ್ನೆ ಹೊಳ್ಯಾಗೆ ಹೋತ್ರಿ."

ಮಾರ್ಕೆಟ್ ತೆರೆಯುವ ಹೊತ್ತಾಯಿತು. ಹಾಲೇಶ ಮೊಬೈಲು ತೆಗೆದ. ಬೆರಳು ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಸಿಮೆಂಟ್ ಕಂಪನಿಯ ಷೇರನ್ನೆಲ್ಲ, ಬಂದಷ್ಟಕ್ಕೆ, ಮಾರಿಬಿಟ್ಟ. ನೋವಾಗದೆ ಇರಲಿಲ್ಲ. ಆದರೆ ರಾತ್ರಿ ನಿದ್ದೆ ಕೆಡಿಸುವ ನೋವು ಅಲ್ಲ ಅದು, ಹಲ್ಲು ಕೀಳಿಸಿಕೊಂಡು ಬಂದವನ ನೋವು.

ಕೂಡಲೇ ಮನೆಗೆ ಫೋನು ಮಾಡಿದ.

"ವಿಶಾಲಿ, ಷೇರು ಮಾರಿದೆ. ನಷ್ಟಕ್ಕೇ ಮಾರಿದೆ. ಉಳಿದ ದುಡ್ಡಿಗೆ ಕೈ ಹಾಕಲ್ಲ. ಈಗ ಇರೋದ್ರಲ್ಲಿ ದೊಡ್ಡ ಮಿಷನ್ ಬರಲ್ಲ, ಸಣ್ಣದು ಬರ್ತತೆ. ಸಾಕಾ?"

"ಸಣ್ಣದೇ ಸಾಕು," ಎಂದಳು ವಿಶಾಲಿ. "ರೊಟ್ಟಿ ತಿನ್ನೋರಿಗೆ ಮಿಷನ್ ಸೈಜು ಕಾಣಲ್ಲ. ಮಿಷನ್ನಿನವನಿಗೆ ಚಾ ಕೊಟ್ಟು ಕೂರಿಸ್ತೀನಿ. ನೀವು ದಾಸೋಹ ಮುಗಿಸ್ಕೊಂಡೇ ಬರ್ರಿ." ಅವಳ ದನಿಯಲ್ಲಿ ನಗು ಇತ್ತು. ಆ ನಗು ಕೇಳಿ ಹಾಲೇಶನಿಗೆ ನಷ್ಟದ ನೋವು ಮರೆತೇ ಹೋಯಿತು.

ಮರೆತವನು ಸುಮ್ಮನಿರಬೇಕಿತ್ತು. ಪಂಕ್ತಿಗೆ ನೀರು ಬಡಿಸುತ್ತಿದ್ದವನು, ನಡುವೆ ಒಂದು ಸಲ ಮೊಬೈಲು ತೆಗೆದು ನೋಡಿದ. ಮುಖ ಸಪ್ಪಗಾಯಿತು.

"ಏನಾತು?" ಎಂದರು ಅಜ್ಜಾರು.

"ನಾನು ಮಾರಿದ ಮೇಲೆ ಏರೈತ್ರಿ. ಜಾಸ್ತಿ ಇಲ್ಲ, ಸ್ವಲ್ಪ."

"ತಿಪ್ಪಣ್ಣಾ," ಎಂದು ಅಜ್ಜಾರು ಅಡುಗೆಮನೆಯ ಕಡೆ ಕೂಗಿದರು, "ಹೋದ ವರ್ಷದ ಎಣ್ಣೆ ಉಳಿದೈತಾ? ಇವನ ಬೆನ್ನಿಗೆ ಸ್ವಲ್ಪ ಹಚ್ಚು."

ತಿಪ್ಪಣ್ಣ ನಿಜವಾಗಿಯೂ ಎಣ್ಣೆ ಬಟ್ಟಲು ತಂದ. ಪಂಕ್ತಿಯಲ್ಲಿದ್ದವರಿಗೆ ಏನೂ ಅರ್ಥವಾಗಲಿಲ್ಲ. ಆದರೂ ಹಾಲೇಶ ನಗುವುದು ನೋಡಿ ಅವರೂ ನಕ್ಕರು.

ಉಂಡವರೆಲ್ಲ ಹೋದ ಮೇಲೆ ಹಾಲೇಶ ಹೊರಟು ನಿಂತ. ಸೀಮೆಸುಣ್ಣದ ತುಂಡು ಮತ್ತು ಬಟ್ಟೆಯನ್ನು ಅಜ್ಜಾರ ಮುಂದೆ ಇಟ್ಟ. ಕಾಲಿಗೆ ಬಿದ್ದ. ಎದ್ದವನು ಹೋಗದೆ ನಿಂತೇ ಇದ್ದ. ಚಾರ್ಟು ನೋಡುವುದೆಂದರೆ ಅವನಿಗೆ ಪ್ರಾಣ. ಅಜ್ಜಾರು ಬಿಡು ಎಂದರೆ ಬಿಡಲೇಬೇಕಾಗುತ್ತದೆ. ಅದಕ್ಕೇ ಕೇಳಲು ಹೆದರಿಕೆ.

ಕೊನೆಗೆ ಕೇಳಿದ. "ಅಜ್ಜಾರೇ, ಇನ್ನು ಮೇಲೆ ಈ ಗೆರೆ ಎಳೆಯೋದೆಲ್ಲ ಬಿಟ್ಟುಬಿಡಬೇಕೇನ್ರಿ?"

ಅಜ್ಜಾರು ಸೀಮೆಸುಣ್ಣವನ್ನು ಎತ್ತಿ, ಊದಿ, ಅವನ ಅಂಗಿಯ ಜೇಬಿಗೆ ಹಾಕಿದರು.

"ಸುಣ್ಣ ತಗೊಂಡು ಹೋಗು. ಒದ್ದೆ ಬಟ್ಟೆ ಮಾತ್ರ ಇಲ್ಲೇ ಇರ್ಲಿ."