ನೀಲವ್ವನ ಹದಿನೆಂಟು ವರ್ಷ

ಪಂಚಾಯಿತಿ ಅಧ್ಯಕ್ಷ ಬಸವಂತಗೌಡರು ಶಾಲೆಯ ಗುಮಾಸ್ತೆಯ ಮೇಜು ಗುದ್ದಿದರು. ಅವರ ತಮ್ಮನ ಮಗಳು ನೀಲವ್ವ ಏಳನೇ ಕ್ಲಾಸು, ವಯಸ್ಸು ಹದಿಮೂರು. ಬರುವ ಸೋಮವಾರ ಅವಳ ಮದುವೆ.

“ವಯಸ್ಸಿನ ಪತ್ರ ಇಲ್ಲದ ಮದುವಿ ಆಗಂಗಿಲ್ಲಂತ. ಹದಿನೆಂಟು ಅಂತ ಬರೀರಿ ಬಾಯಾರ. ಈ ಊರಾಗ ನಾ ಹೇಳಿದ್ದೇ ಕಾನೂನು.”

ಗುಮಾಸ್ತೆ ಪೆನ್ನು ತೆಗೆದಳು. “ಆಗಲಿ ಗೌಡ್ರ. ಆದರ ನಿಮ್ಮ ಮಗ, ನೀಲವ್ವ ಇಬ್ಬರೂ ಒಂದೇ ದಿನ ಹುಟ್ಟಿದವರು. ಊರಿಗೆಲ್ಲ ಗೊತ್ತು. ಸಾಲಿ ರಿಜಿಸ್ಟರಿನಾಗ ಅವನ ಹೆಸರೂ ಅದ, ಅವನಿಗೂ ಹದಿನೆಂಟೇ ಬರೀಬೇಕಾಗ್ತದ.”

“ಬರೀರಿ. ಅದಕ್ಕೇನು?”

“ನಿಮ್ಮ ಮದುವಿ ಆಗಿ ಎಷ್ಟು ವರ್ಷ ಆತ್ರೀ?”

“ಹದಿನೈದು,” ಅಂದರು ಗೌಡರು ಹೆಮ್ಮೆಯಿಂದ. ಆಮೇಲೆ ಏನೋ ತೊಡಕೆನಿಸಿ ಬೆರಳು ಮಡಚಿ ಎಣಿಸಿದರು. ಎಡಗೈಯಲ್ಲಿ ಎಣಿಸಿದರೂ ಬಲಗೈಯಲ್ಲಿ ಎಣಿಸಿದರೂ ಮಗ ಮದುವೆಗಿಂತ ಮೂರು ವರ್ಷ ಮುಂದೆಯೇ ನಿಂತಿದ್ದ. ತಾವು ಕೇಳಲು ಬಂದದ್ದೇನು, ಈಗ ಆಗುತ್ತಿರುವುದೇನು ಎಂದು ತಿಳಿಯದೆ ರಿಜಿಸ್ಟರಿನತ್ತ ಬಗ್ಗಿದರು.

“ಈ ರಿಜಿಸ್ಟರು ಯಾರ್ಯಾರು ನೋಡ್ತಾರ?”

“ಕೇಳಿದವರೆಲ್ಲ ನೋಡ್ತಾರ್ರೀ.”

“ಹಂಗಾರ ಹದಿಮೂರೇ ಇರಲಿ,” ಅಂದರು ಸಣ್ಣ ದನಿಯಲ್ಲಿ.

ಗುಮಾಸ್ತೆ ಹಾಗೆಯೇ ಬರೆದು, ಮುದ್ರೆ ಒತ್ತಿ, ಸಾಕ್ಷಿಯ ಸಹಿಯನ್ನೂ ಅವರಿಂದಲೇ ಹಾಕಿಸಿಕೊಂಡಳು. ಸೋಮವಾರ ಬೆಳಿಗ್ಗೆ ನೀಲವ್ವ ಗಣಿತದ ಪರೀಕ್ಷೆಗೆ ಕೂತಿದ್ದಳು.