ಬೋಲ್ಟಿನ ಅಡಿಯ ಬಣ್ಣ

ಆಯುಧಪೂಜೆಗೆಂದು ಗುರುಸಿದ್ದಪ್ಪ ಬೈಕು ಬಿಚ್ಚಿ ಚಾಸಿಗೆ ಹೊಸ ಬಣ್ಣ ಬಳಿದಿದ್ದ. ಅಂದಿನಿಂದ ಎಷ್ಟು ಓಡಿದರೂ ಬ್ಯಾಟರಿಯ ಹೊಟ್ಟೆ ತುಂಬಲಿಲ್ಲ. "ಈ ಬ್ಯಾಟರಿಯನ್ನು ಗುಜರಿಗೆ ಹಾಕಬೇಕು" ಎಂದು ಅವನು ಗೊಣಗಿದ್ದು ಕೇಳಿ ಅದು ಚಡಪಡಿಸಿತು.

"ನನ್ನ ಪಾಲು ಎಲ್ಲಿ?" ಎಂದು ಕರೆಂಟು ಹುಟ್ಟಿಸುವ ಕಾಯಿಲನ್ನು ಗದರಿತು.

"ನಾನು ತಪ್ಪದೆ ಕಳಿಸುತ್ತಿದ್ದೇನೆ, ಅರ್ತಿಂಗ್ ವೈರನ್ನು ಕೇಳು" ಎಂದಿತು ಕಾಯಿಲು.

"ನನ್ನನ್ನು ಚಾಸಿಗೆ ಬಿಗಿದ ಬೋಲ್ಟಿನ ಅಡಿಯಲ್ಲಿ ಬಣ್ಣ ಕೂತು ಕರೆಂಟಿನ ದಾರಿ ಕಟ್ಟಿದೆ" ಎಂದಿತು ವೈರು.

"ಸ್ವಲ್ಪ ಸರಿ, ಮಾರಾಯ" ಎಂದು ಬ್ಯಾಟರಿ ಬಣ್ಣವನ್ನು ಬೇಡಿತು.

"ಅರಿಸಿನ ಕುಂಕುಮ ಇಟ್ಟು ಕೈ ಮುಗಿದಿದ್ದು ನನಗೆ. ನಾನೇಕೆ ಸರಿಯಲಿ?" ಎಂದಿತು ಬಣ್ಣ.

ಅಷ್ಟರಲ್ಲಿ ಕರೆಂಟು ಅಳೆಯುವ ಮೀಟರು ಹಿಡಿದು ಒಂದೊಂದೇ ವೈರು ತಡಕುತ್ತ ಬಂದ ಗುರುಸಿದ್ದಪ್ಪ ಆ ಬೋಲ್ಟು ಬಿಚ್ಚಿ, ಬ್ಲೇಡಿನಿಂದ ಬಣ್ಣ ಕೆರೆದು, ಮತ್ತೆ ಬಿಗಿದು ಕಿಕ್ ಹೊಡೆದ.

"ನನ್ನ ಅಂದವೆಲ್ಲ ಹೋಯಿತು" ಎಂದು ಬಣ್ಣ ಗೋಳಾಡಿತು. ಬ್ಯಾಟರಿ ತಲೆಯೆತ್ತಲಿಲ್ಲ, ಅದು ಊಟಕ್ಕೆ ಕೂತಿತ್ತು.