ಬಸವನಹುಳು ಅರ್ಧಕ್ಕೆ ಬಿಟ್ಟ ಕತೆ

ಹಿತ್ತಲ ಗೋಡೆಯ ಮೇಲೆ ಬಸವನಹುಳುವೊಂದು ತನ್ನ ಲೋಳೆಯಿಂದ ಕತೆ ಬರೆಯುತ್ತಿತ್ತು.

ನವಿಲು ಕೇಳಿತು: "ಇದನ್ನು ಓದುವವರು ಯಾರು?"

"ಗೋಡೆಯಡಿಯ ಇರುವೆ ಸಂಸಾರ."

"ಅಷ್ಟೇನಾ? ನನ್ನ ಕುಣಿತಕ್ಕೆ ಊರೇ ಸೇರುತ್ತದೆ. ನೀನೂ ಒಬ್ಬ ಲೇಖಕನೇ?"

ಲೇಖಕನಲ್ಲದಿದ್ದರೆ ತಾನು ಯಾರೆಂಬುದೂ ತಿಳಿಯದೆ, ಬಸವನಹುಳು ಬರೆಯುವುದನ್ನು ನಿಲ್ಲಿಸಿ ಚಿಪ್ಪಿನೊಳಗೆ ಸೇರಿಕೊಂಡಿತು.

ಮರುದಿನ ಮುದಿ ಇರುವೆಯೊಂದು ಚಿಪ್ಪನ್ನು ತಟ್ಟಿತು. "ಜೀರುಂಡೆಯನ್ನು ನೀರಿಗೆ ಕೆಡವಿ ನೀನಿಲ್ಲಿ ಮಲಗಿದ್ದೀಯಾ? ಮನೆಯಲ್ಲಿ ಯಾರೂ ಊಟ ಮಾಡಿಲ್ಲ. ಅದು ಬದುಕುತ್ತದೋ ಇಲ್ಲವೋ?"

"ಅದು ಕತೆಯ ಜೀರುಂಡೆ, ತಾಯಿ. ನಿಜವಾದದ್ದಲ್ಲ."

"ಹಾಗಾದರೆ ನಾವೆಲ್ಲ ಅತ್ತದ್ದು ಯಾರಿಗಾಗಿ?"

ಬಸವನಹುಳು ಮತ್ತಷ್ಟು ಗಲಿಬಿಲಿಗೊಂಡಿತು. ಆದರೂ ಅದರ ಎದೆ ಹಿಗ್ಗಿನಿಂದ ಉಬ್ಬಿತ್ತು. ಜೀರುಂಡೆಯ ಗತಿ ಏನೆಂದು ಅದಕ್ಕೂ ಇನ್ನೂ ಗೊತ್ತಿರಲಿಲ್ಲ. "ಸ್ವಲ್ಪ ತಾಳಿ, ನೋಡಿ ಹೇಳುತ್ತೇನೆ" ಎಂದು ಕೊಂಬು ಚಾಚಿ ಗೋಡೆಯತ್ತ ಹೊರಟಿತು.